ಕೊಯ್ಯುವ ಮೊದಲೇ ಗಿರಾಕಿ ಇದ್ದರೆ

ಕಳೆದ ಸಂಚಿಕೆಯಲ್ಲಿ ಓದುಗರಿಗೆ ಒಂದೇ ಸಾಲಿನ ಪ್ರಶ್ನೆ ಹಾಕಿದ್ದೆವು: ನೀವು ತಿನ್ನುವ ತರಕಾರಿ ಬೆಳೆದವರು ಯಾರು ಅಂತ ನಿಮಗೆ ಗೊತ್ತಾ? ಉತ್ತರ ಬರೆದವರು ಕಮ್ಮಿ, ತಿರುಗಿ ಪ್ರಶ್ನೆ ಕೇಳಿದವರೇ ಜಾಸ್ತಿ. ಹತ್ತಿರದ ರೈತರಿಂದ ಕೊಳ್ಳಬೇಕು ಅನ್ನುವ ಮನಸ್ಸು ಬಹಳ ಜನಕ್ಕಿದೆ. ಆದರೆ ಒಬ್ಬರಿಗೆ ದುಡ್ಡಿನ ಯೋಚನೆ, ಇನ್ನೊಬ್ಬರಿಗೆ ಸಮಯ ಇಲ್ಲ, ಮತ್ತೊಬ್ಬರಿಗೆ ನಂಬಿಕೆ ಇಲ್ಲ. ಒಂದೇ ಥರದ ಪತ್ರಗಳನ್ನು ಸೇರಿಸಿ ಎಂಟು ಪ್ರಶ್ನೆ ಮಾಡಿಕೊಂಡಿದ್ದೇನೆ. ಹೆಸರು ಹಾಕಬೇಡಿ ಅಂದವರಿದ್ದಾರೆ, ಹಾಗಾಗಿ ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಅಕ್ಕಾ, ರೈತರ ಹತ್ತಿರವೇ ಕೊಳ್ಳಿ ಅಂತ ಎಲ್ಲರೂ ಹೇಳ್ತಾರೆ. ಆದರೆ ನನ್ನ ತಿಂಗಳ ಖರ್ಚು ನೋಡಿದರೆ ಆ್ಯಪ್‌ನಲ್ಲಿ ತರಿಸಿದ್ದೇ ಅಗ್ಗ. ಮನೆಯಲ್ಲಿ ಐದು ಜನ. ಜಾಸ್ತಿ ದುಡ್ಡು ಕೊಡೋ ಶಕ್ತಿ ನಮಗಿಲ್ಲ. ಇದೆಲ್ಲ ಇದ್ದವರಿಗೆ ಹೇಳೋ ಮಾತಲ್ವಾ?

ಉತ್ತರ: ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಐದು ಜನರ ಹೊಟ್ಟೆ ತುಂಬಿಸುವವರು ಮೊದಲು ನೋಡಬೇಕಾದ್ದು ಮನೆ ಖರ್ಚನ್ನೇ, ಅದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಆದರೆ ಆ ಬಿಲ್ಲಿನ ಹಿಂದೆ ಇನ್ನೊಂದು ಲೆಕ್ಕ ಇದೆ, ಅದನ್ನೂ ಒಮ್ಮೆ ನೋಡಿ.

ಅಮೆರಿಕದ ಕೃಷಿ ಇಲಾಖೆ ಪ್ರತಿ ವರ್ಷ ಈ ಲೆಕ್ಕ ಹಾಕುತ್ತದೆ. ಅಲ್ಲಿ ಜನ ಆಹಾರಕ್ಕೆ ಖರ್ಚು ಮಾಡುವ ಪ್ರತಿ 100 ಡಾಲರಿನಲ್ಲಿ ಬೆಳೆದವರಿಗೆ ಸೇರುವುದು ಸುಮಾರು 15-16 ಡಾಲರ್ ಮಾತ್ರ. ಅದರಲ್ಲಿ ಹೋಟೆಲ್ ಊಟ, ಪ್ಯಾಕೆಟ್ ತಿಂಡಿ ಎಲ್ಲ ಸೇರಿದೆ ಅನ್ನಿ. ಬರೀ ತರಕಾರಿಯ ಲೆಕ್ಕ ಬೇಕು ಅಂದರೆ ಭಾರತದ ರಿಸರ್ವ್ ಬ್ಯಾಂಕ್ 2024ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಕೊಳ್ಳುವವರು ಕೊಟ್ಟ 100 ರೂಪಾಯಿಯಲ್ಲಿ ರೈತರ ಪಾಲು ಟೊಮೆಟೊದಲ್ಲಿ ಸುಮಾರು 33, ಈರುಳ್ಳಿಯಲ್ಲಿ 36, ಆಲೂಗಡ್ಡೆಯಲ್ಲಿ 37 ರೂಪಾಯಿ.

ಉಳಿದದ್ದನ್ನೆಲ್ಲ ಯಾರೋ ಸುಮ್ನೆ ಕೂತು ನುಂಗಿದರು ಅಂತಲ್ಲ. ಲಾರಿ ಬಾಡಿಗೆ, ಹಮಾಲಿ, ಕ್ರೇಟು, ಕಮಿಷನ್, ದಾರಿಯಲ್ಲಿ ಕೊಳೆತದ್ದು, ಅಂಗಡಿ ಬಾಡಿಗೆ, ಕರೆಂಟು, ಎಲ್ಲಕ್ಕೂ ದುಡ್ಡು ಬೇಕು. ನನಗೆ ಸಂಕಟವಾಗುವುದು ಇನ್ನೊಂದು ವಿಷಯಕ್ಕೆ. ರೇಟು ಬಿದ್ದ ದಿನ ಲಾರಿ ಬಾಡಿಗೆ ಬೀಳುವುದಿಲ್ಲ, ಹಮಾಲಿ ಕೂಲಿಯೂ ಬೀಳುವುದಿಲ್ಲ. ಎಲ್ಲರ ಪಾಲು ಮುರಿದುಕೊಂಡ ಮೇಲೆ ಉಳಿದದ್ದು ರೈತರಿಗೆ. ಕೆಲವು ದಿನ ಏನೂ ಉಳಿಯುವುದೇ ಇಲ್ಲ, ಕೊಯ್ದ ಕೂಲಿಯೂ ಹುಟ್ಟುವುದಿಲ್ಲ, ಅಂಥ ಹೊತ್ತಿನಲ್ಲೇ ಬೆಳೆಯನ್ನು ಹೊಲದಲ್ಲಿ ಬಿಟ್ಟು ಉಳುಮೆ ಮಾಡಿಬಿಡುವುದು.

ಹಾಗಂತ ನೀವು ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬೇಡಿ. ಸೊಪ್ಪು, ಮತ್ತೆ ನಿಮ್ಮ ಮನೆಯಲ್ಲಿ ವಾರ ತಪ್ಪದೆ ಬೇಯುವ ಒಂದು ತರಕಾರಿ, ಇವೆರಡನ್ನು ಮಾತ್ರ ಬೆಳೆದವರ ಕೈಯಿಂದ ತಗೊಳ್ಳಿ. ಬೆಲೆ ಹೋಲಿಸುವಾಗ ಕಟ್ಟು ನೋಡಿ ಹೋಲಿಸಬೇಡಿ, ಬಿಡಿಸಿದ ಮೇಲೆ ಪಾತ್ರೆಗೆ ಎಷ್ಟು ಬಿತ್ತು ಅಂತ ನೋಡಿ. ಬಾಡಿದ, ಹಳದಿ ತಿರುಗಿದ ಎಲೆಗೂ ನಾವು ದುಡ್ಡು ಕೊಟ್ಟಿರುತ್ತೇವೆ. ಸುಗ್ಗಿ ಜೋರಾಗಿದ್ದಾಗ ಜಾಸ್ತಿ ತಗೊಂಡು ಗೊಜ್ಜು, ಉಪ್ಪಿನಕಾಯಿ, ಒಣಗಿಸಿದ್ದು ಅಂತ ಇಟ್ಟುಕೊಳ್ಳಿ. ರೈತರಿಗೆ ಗಿರಾಕಿ ತುಂಬಾ ಬೇಕಾಗುವುದೂ ಆಗಲೇ, ನಿಮಗೆ ಅಗ್ಗವಾಗಿ ಸಿಗುವುದೂ ಆಗಲೇ.

ಒಂದು ಕಟ್ಟಿಗೆ ಚೌಕಾಸಿ ಮಾಡುವ ಬದಲು "ಪ್ರತಿ ವಾರ ನಾನು ಇಷ್ಟು ತಗೋತೀನಿ, ಒಂದು ರೇಟು ಹೇಳಿ" ಅಂತ ಕೇಳಿ ನೋಡಿ. ನಾನು ಹೀಗೆ ಕೇಳಲು ಶುರು ಮಾಡಿ ಎಷ್ಟೋ ವರ್ಷ ಆಯಿತು. ಬಹಳ ಜನ ತಾವಾಗಿಯೇ ಇಳಿಸಿ ಹೇಳುತ್ತಾರೆ, ಯಾಕೆಂದರೆ ಮುಂದಿನ ವಾರವೂ ಮಾರಾಟ ಆಗುತ್ತದೆ ಅನ್ನುವುದಕ್ಕೆ ಅವರ ಲೆಕ್ಕದಲ್ಲಿ ಬೆಲೆ ಇದೆ.

ಪ್ರಶ್ನೆ: ಇತ್ತೀಚೆಗೆ ಟೊಮೆಟೊಗೆ ರುಚಿಯೇ ಇಲ್ಲ. ನೋಡಲು ಕೆಂಪಗೆ, ಒಂದೇ ಸೈಜು, ಗಟ್ಟಿ. ಸಾರು ಮಾಡಿದರೆ ಹುಳಿಯೂ ಇಲ್ಲ, ಪರಿಮಳವೂ ಇಲ್ಲ. ನನಗೆ ವಯಸ್ಸಾಗಿ ನಾಲಿಗೆ ಕೆಟ್ಟಿತಾ ಅಂತ ಅನುಮಾನ.

ಉತ್ತರ: ಅಮ್ಮಾ, ನಿಮ್ಮ ನಾಲಿಗೆ ಚೆನ್ನಾಗಿಯೇ ಇದೆ. ದೂರ ಹೋಗಬೇಕಾದ ಟೊಮೆಟೊವನ್ನು ಕೆಂಪಾದ ಮೇಲೆ ಕೊಯ್ದರೆ ತಲುಪುವಷ್ಟರಲ್ಲಿ ರಸವಾಗಿರುತ್ತದೆ. ಹಾಗಾಗಿ ಹಸಿರಿರುವಾಗಲೇ ಕೊಯ್ಯುತ್ತಾರೆ. ಕಾಯಿ ಬಲಿತಿದೆಯಾ ಅಂತ ನೋಡಲು ಒಂದನ್ನು ಅಡ್ಡ ಕತ್ತರಿಸುತ್ತಾರೆ. ಒಳಗೆ ಲೋಳೆ ತುಂಬಿದ್ದು, ಬೀಜ ಚಾಕುವಿಗೆ ಸಿಗದೆ ಪಕ್ಕಕ್ಕೆ ಜಾರಿದರೆ ಬಲಿತಿದೆ ಅಂತ ಅರ್ಥ. ಬೀಜವೂ ಎರಡು ತುಂಡಾದರೆ ಅದು ಇನ್ನೂ ಎಳಸು, ಕೆಂಪಾದರೂ ರುಚಿ ಬರುವುದಿಲ್ಲ. ಲಾರಿ ಕಾಯುತ್ತಿದೆ, ರೇಟು ಇವತ್ತು ಚೆನ್ನಾಗಿದೆ ಅನ್ನುವ ಅವಸರದಲ್ಲಿ ಬಲಿತದ್ದು, ಎಳಸು ಎಲ್ಲ ಒಂದೇ ಕ್ರೇಟಿಗೆ ಬೀಳುತ್ತದೆ. ಆಮೇಲೆ ಎಥಿಲೀನ್ ಅನಿಲ ಬಿಟ್ಟು ಬಣ್ಣ ಬರಿಸುತ್ತಾರೆ. ಎಥಿಲೀನ್ ಏನು ವಿಷವಲ್ಲ, ಹಣ್ಣು ತಾನೇ ಬಿಡುವ ಅನಿಲ ಅದು. ಆದರೆ ಗಿಡದಿಂದ ಬರಬೇಕಿದ್ದ ಸಿಹಿಯನ್ನು ಅದು ತಂದುಕೊಡಲಾರದು.

ಇನ್ನು ತಂಪಿನ ಕಥೆ. ಟೊಮೆಟೊವನ್ನು 12 ಡಿಗ್ರಿಗಿಂತ ಕೆಳಗೆ ಇಟ್ಟರೆ ಪರಿಮಳ ಕೊಡುವ ವಸ್ತುಗಳನ್ನು ತಯಾರಿಸುವ ಶಕ್ತಿ ಕುಗ್ಗುತ್ತದೆ, ಮತ್ತೆ ಹೊರಗಿಟ್ಟರೂ ಪೂರ್ತಿ ವಾಪಸ್ಸು ಬರುವುದಿಲ್ಲ. ಫ್ಲೋರಿಡಾ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಇದನ್ನು ವಿವರವಾಗಿ ತೋರಿಸಿದರು. ಅಂದ ಹಾಗೆ, ಒಳ್ಳೆ ಟೊಮೆಟೊ ತಂದು ಫ್ರಿಜ್ಜಿಗೆ ತುರುಕಿದರೂ ಇದೇ ಗತಿ. ಬುಟ್ಟಿಯಲ್ಲಿ ಹೊರಗಿಡಿ.

ಮುಸುಕಿನ ಜೋಳ ಇನ್ನೂ ಅವಸರದ್ದು. ಸಿಹಿಜೋಳದ ತೆನೆ ಮುರಿದ ಗಳಿಗೆಯಿಂದ ಅದರ ಸಕ್ಕರೆ ಪಿಷ್ಟವಾಗಲು ಶುರುವಾಗುತ್ತದೆ. 30 ಡಿಗ್ರಿ ಬಿಸಿಲಿನ ವಾತಾವರಣದಲ್ಲಿ ಒಂದೇ ದಿನಕ್ಕೆ ನೂರಕ್ಕೆ 60 ಭಾಗ ಸಕ್ಕರೆ ಹೋಗಿಬಿಡಬಹುದು, ಹಿಮದಷ್ಟು ತಂಪಿನಲ್ಲಿಟ್ಟರೆ 6 ಭಾಗ. ಹೊಲದ ಬದುವಿನಲ್ಲೇ ಕೂತು ಆಗತಾನೇ ಮುರಿದ ತೆನೆ ತಿಂದವರಿಗೆ ಈ ಅಂಕಿ ಬೇಕಾಗಿಯೇ ಇಲ್ಲ. ಸಿಪ್ಪೆ ಸುಲಿಯುವಾಗ ರೇಷ್ಮೆಯಂಥ ಕೂದಲು ಒದ್ದೆ ಒದ್ದೆಯಾಗಿ ಬೆರಳಿಗೆ ಅಂಟುತ್ತದೆ, ಉಗುರು ಒತ್ತಿದರೆ ಹಾಲು ಚಿಮ್ಮುತ್ತದೆ. ಎರಡು ದಿನ ಕಳೆದ ತೆನೆಯ ಕೂದಲು ಕಂದು ತಿರುಗಿ ಒಣಗಿರುತ್ತದೆ, ಕಾಳು ಒತ್ತಿದರೆ ಹಿಟ್ಟು.

ಸೊಪ್ಪಿನಲ್ಲಿ ಹೋಗುವುದು ರುಚಿಯಷ್ಟೇ ಅಲ್ಲ. ಪಾಲಕ್ ಸೊಪ್ಪನ್ನು 20 ಡಿಗ್ರಿಯಲ್ಲಿ ಒಂದು ವಾರ ಇಟ್ಟರೆ ಅದರ ಸಿ ವಿಟಮಿನ್ ಹೆಚ್ಚೂಕಮ್ಮಿ ಪೂರ್ತಿ ಹೋಗುತ್ತದೆ. ಫ್ರಿಜ್ಜಿನಲ್ಲಿಟ್ಟರೂ ಮುಕ್ಕಾಲು ಭಾಗ ಹೋಗುತ್ತದೆ. ಅದಕ್ಕೇ ನಾನು ಸೊಪ್ಪಿಗೆ ಮೊದಲ ಜಾಗ ಕೊಟ್ಟದ್ದು. ಇನ್ನೊಂದು ಮಾತು ಹೇಳದಿದ್ದರೆ ಮೋಸ ಆಗುತ್ತದೆ: ಬಿಡಿಸಿದ ಕೂಡಲೇ ಬಿಸಿನೀರಿಗೆ ಹಾಕಿ ಹಿಮಗಟ್ಟಿಸಿದ ಬಟಾಣಿ, ಐದಾರು ದಿನ ಅಂಗಡಿಯಲ್ಲಿ ಕೂತ 'ತಾಜಾ' ಬಟಾಣಿಗಿಂತ ಎಷ್ಟೋ ಮೇಲು. ಎಷ್ಟು ದೂರದಿಂದ ಬಂತು ಅನ್ನುವಷ್ಟೇ ಕೊಯ್ದು ಎಷ್ಟು ದಿನ ಆಯಿತು ಅನ್ನುವುದನ್ನೂ ಕೇಳಬೇಕು.

ಪ್ರಶ್ನೆ: ಸ್ಥಳೀಯ ಅಂದರೆ ಎಷ್ಟು ಕಿಲೋಮೀಟರ್ ಒಳಗೆ?

ಉತ್ತರ: ಇದಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನಾಲ್ವರು ಹೆಂಗಸರು ಸುತ್ತ 100 ಮೈಲಿಯೊಳಗೆ, ಅಂದರೆ ಸುಮಾರು 160 ಕಿಲೋಮೀಟರಿನೊಳಗೆ ಬೆಳೆದದ್ದನ್ನೇ ತಿನ್ನೋಣ ಅಂತ ಜನರನ್ನು ಕರೆದರು. ಹಾಗೆ ತಿನ್ನುವವರಿಗೆ 'ಲೋಕವೋರ್' ಅಂತ ಹೊಸ ಹೆಸರನ್ನೂ ಕೊಟ್ಟರು. 2007ರಲ್ಲಿ ಆಕ್ಸ್‌ಫರ್ಡ್‌ನ ಅಮೆರಿಕನ್ ನಿಘಂಟು ಅದನ್ನೇ ವರ್ಷದ ಪದ ಮಾಡಿತು. ನನ್ನ ಅಳತೆ ಬೇರೆ. ಬೆಳೆದವರನ್ನು ಬೆಳಗ್ಗೆ ಹೋಗಿ ಮಾತಾಡಿಸಿಕೊಂಡು ರಾತ್ರಿ ಊಟಕ್ಕೆ ಮನೆಗೆ ಬರಬಹುದಾದರೆ ಅದು ಹತ್ತಿರ. ಕಿಲೋಮೀಟರ್ ಹಿಡಿದು ಜಗಳ ಆಡುವುದು ಬೇಡ.

ಪ್ರಶ್ನೆ: ದೂರದಿಂದ ಬಂದದ್ದನ್ನು ಬಿಟ್ಟು ಹತ್ತಿರದ್ದು ತಿಂದರೆ ಭೂಮಿ ಬಿಸಿಯಾಗುವುದು ಕಮ್ಮಿ ಆಗುತ್ತದೆ ಅಂತ ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ. ಒಬ್ಬ ಹುಡುಗ "ಮಿಸ್, ಅದು ಪೂರ್ತಿ ನಿಜ ಅಲ್ಲ" ಅಂದ. ಯಾರು ಸರಿ?

ಉತ್ತರ: ಆ ಹುಡುಗನ ಬೆನ್ನು ತಟ್ಟಿ ಮೇಡಂ, ಅವನು ಓದಿಕೊಂಡೇ ಮಾತಾಡಿದ್ದಾನೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2008ರಲ್ಲಿ ಅಲ್ಲಿನ ಮನೆಗಳ ಆಹಾರದ ಪೂರ್ತಿ ಲೆಕ್ಕ ತೆಗೆದರು. ಆಹಾರದಿಂದ ಆಗುವ ಹಸಿರುಮನೆ ಅನಿಲದಲ್ಲಿ ಸಾಗಣೆಯ ಪಾಲು ನೂರಕ್ಕೆ 11. ಬೆಳೆದವರಿಂದ ಅಂಗಡಿಗೆ ಸಾಗಿಸುವ ಕೊನೆಯ ಓಟದ್ದು ಬರೀ 4. ನೂರಕ್ಕೆ 83 ಭಾಗ ಆಗುವುದು ಬೆಳೆಯುವಾಗ, ತಯಾರಿಸುವಾಗ: ಗೊಬ್ಬರ, ದನಗಳ ಹೊಟ್ಟೆಯಿಂದ ಬರುವ ಮೀಥೇನ್, ಇಂಧನ. ಚಳಿ ದೇಶದಲ್ಲಿ ಗಾಜಿನ ಮನೆ ಕಟ್ಟಿ ಹೀಟರ್ ಹಾಕಿ ಬೆಳೆದ ಟೊಮೆಟೊಗಿಂತ, ಬಿಸಿಲಿರುವ ದೇಶದಿಂದ ಲಾರಿಯಲ್ಲಿ ಬಂದ ಟೊಮೆಟೊದ ಲೆಕ್ಕವೇ ಎಷ್ಟೋ ಸಲ ಹಗುರ. ಹಡಗಿನಲ್ಲಿ ಬಂದದ್ದೂ ಅಷ್ಟೇನೂ ಭಾರವಲ್ಲ. ವಿಮಾನದಲ್ಲಿ ಬಂದದ್ದು ಮಾತ್ರ ಬೇರೆ ಮಾತು, ಅಷ್ಟೇ ತೂಕವನ್ನು ಅಷ್ಟೇ ದೂರ ಒಯ್ಯಲು ಹಡಗಿಗಿಂತ ಸುಮಾರು 50 ಪಟ್ಟು ಜಾಸ್ತಿ ಅನಿಲ.

ಹಾಗಾಗಿ ಮಕ್ಕಳಿಗೆ 'ಹತ್ತಿರದ್ದು' ಅನ್ನುವುದರ ಜೊತೆ 'ಆಯಾ ಕಾಲದ್ದು' ಅಂತಲೂ ಹೇಳಿಕೊಡಿ. ತಂದದ್ದನ್ನು ಬಿಸಾಡಬೇಡಿ ಅಂತ ಅದಕ್ಕಿಂತ ಗಟ್ಟಿಯಾಗಿ ಹೇಳಿಕೊಡಿ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಅಂಗಡಿ, ಹೋಟೆಲ್, ಮನೆಗಳಲ್ಲಿ ಹಾಳಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ನೂರಕ್ಕೆ 60 ಭಾಗ ಹಾಳಾದದ್ದು ಮನೆಗಳಲ್ಲಿ, ನಮ್ಮ ನಿಮ್ಮಂಥವರ ಅಡುಗೆಮನೆಯಲ್ಲಿ.

ನಾನು ಹತ್ತಿರದ ರೈತರಿಂದ ಕೊಳ್ಳಿ ಅನ್ನುವುದಕ್ಕೆ ಡೀಸೆಲ್ ಉಳಿತಾಯ ಮುಖ್ಯ ಕಾರಣವೇ ಅಲ್ಲ. ಜಗತ್ತಿನ ಹೊಲಗಳಲ್ಲಿ ನೂರಕ್ಕೆ 84ರಷ್ಟು 2 ಹೆಕ್ಟೇರಿಗಿಂತ ಚಿಕ್ಕವು. ಕೃಷಿ ಭೂಮಿಯಲ್ಲಿ ಅವುಗಳ ಪಾಲು ನೂರಕ್ಕೆ 12 ಮಾತ್ರ, ಆದರೆ ಜಗತ್ತಿನ ಆಹಾರದ ಮೂರನೇ ಒಂದು ಭಾಗ ಬರುವುದು ಅಲ್ಲಿಂದ. ಇಷ್ಟು ಚಿಕ್ಕ ಜಮೀನಿನಲ್ಲಿ ಇಷ್ಟು ಬೆಳೆಯುವ ಜನ ಬೇಸಾಯ ಬಿಟ್ಟು ಹೋಗದಂತೆ ನೋಡಿಕೊಳ್ಳುವುದೇ ನನಗೆ ಮುಖ್ಯ.

ಪ್ರಶ್ನೆ: ರೈತರ ಹತ್ತಿರ ತಂದ ಸೌತೆಕಾಯಿ ಸೊಟ್ಟ, ಕ್ಯಾರೆಟ್‌ಗೆ ಎರಡು ಕಾಲು. ನಮ್ಮ ಅತ್ತೆಯವರು "ಆರಿಸೋಕೆ ಬರಲ್ವಾ" ಅಂತ ಬೈದರು. ಆಕಾರ ಕೆಟ್ಟರೆ ಒಳಗೂ ಕೆಟ್ಟಿರುತ್ತದಾ?

ಉತ್ತರ: ಇಲ್ಲ. ಮಣ್ಣಿನಲ್ಲಿ ಕಲ್ಲು ಸಿಕ್ಕಿದರೆ ಕ್ಯಾರೆಟ್ ಕವಲೊಡೆಯುತ್ತದೆ. ಹೂವಿಗೆ ಪರಾಗ ಸರಿಯಾಗಿ ಬೀಳದಿದ್ದರೆ, ನೀರು ಹೆಚ್ಚುಕಮ್ಮಿಯಾದರೆ ಸೌತೆ ಸೊಟ್ಟಗಾಗುತ್ತದೆ. ತಿನ್ನುವುದಕ್ಕೆ ಏನೂ ತೊಂದರೆ ಇಲ್ಲ. ನೇರ ಸೌತೆಕಾಯಿ ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ಕೂರುತ್ತದೆ, ಎಣಿಸುವುದು ಸುಲಭ, ವ್ಯಾಪಾರಕ್ಕೆ ಅನುಕೂಲ. ಯುರೋಪಿನಲ್ಲಿ 1988ರಲ್ಲಿ ಇದಕ್ಕೆ ನಿಯಮವನ್ನೇ ಮಾಡಿದ್ದರು: ಮೇಲ್ದರ್ಜೆಯ ಸೌತೆಕಾಯಿ 10 ಸೆಂಟಿಮೀಟರ್ ಉದ್ದಕ್ಕೆ 10 ಮಿಲಿಮೀಟರಿಗಿಂತ ಜಾಸ್ತಿ ಬಾಗಿರಬಾರದು. ಸೌತೆ, ಕ್ಯಾರೆಟ್ ಸೇರಿ 26 ಥರದ ಹಣ್ಣು ತರಕಾರಿಗೆ ಇಂಥ ನಿಯಮಗಳನ್ನು 2009ರ ಜುಲೈಯಲ್ಲಿ ತೆಗೆದುಹಾಕಿದರು. ನಿಯಮ ಹೋದರೂ ನಮ್ಮ ಕಣ್ಣಿನ ಅಭ್ಯಾಸ ಹೋಗಿಲ್ಲ.

ರೈತರಿಗೆ ಇದು ದೊಡ್ಡ ಪೆಟ್ಟು. ಒಂದೇ ಬಳ್ಳಿ, ಒಂದೇ ನೀರು, ಒಂದೇ ಕೂಲಿ, ಆದರೆ ಸೊಟ್ಟ ಕಾಯಿಗೆ ರೇಟಿಲ್ಲ. ಅತ್ತೆಯವರಿಗೆ ಅದೇ ಸೌತೆಯ ಕೋಸಂಬರಿ ಮಾಡಿ ಬಡಿಸಿ, ಹೆಚ್ಚಿದ ಮೇಲೆ ಸೊಟ್ಟ ಯಾವುದು ನೇರ ಯಾವುದು ಯಾರಿಗೂ ಗೊತ್ತಾಗುವುದಿಲ್ಲ.

ಪ್ರಶ್ನೆ: ರಸ್ತೆ ಬದಿ ಮಾರುವವರೆಲ್ಲ "ನಮ್ಮ ತೋಟದ್ದೇ" ಅನ್ನುತ್ತಾರೆ. ನಿಜವಾದ ರೈತರು ಯಾರು ಅಂತ ಕಂಡುಹಿಡಿಯೋದು ಹೇಗೆ? ಮತ್ತೆ ಔಷಧಿ ಹೊಡೆದಿಲ್ಲ ಅಂತ ನಂಬೋದು ಹೇಗೆ?

ಉತ್ತರ: ಮೊದಲು ಅವರ ಮುಂದಿರುವ ಮಾಲು ನೋಡಿ. ಒಬ್ಬರ ಹೊಲದಲ್ಲಿ ಒಂದು ವಾರಕ್ಕೆ ಇಪ್ಪತ್ತೈದು ಥರ ತರಕಾರಿ ಒಟ್ಟಿಗೆ ಕೊಯ್ಲಿಗೆ ಬರುವುದು ಅಪರೂಪ. ನಾಲ್ಕೈದು ಥರ ಇದ್ದು, ಅದರಲ್ಲಿ ಒಂದೋ ಎರಡೋ ರಾಶಿ ಇದ್ದರೆ ನಂಬಬಹುದು. ಆಮೇಲೆ ಕೇಳಬೇಕಾದ್ದು "ಇದು ನಿಮ್ಮದೇನಾ" ಅಂತ ಅಲ್ಲ, ಅದಕ್ಕೆ ಎಲ್ಲರೂ ಹೌದು ಅನ್ನುತ್ತಾರೆ. "ಮುಂದಿನ ವಾರ ಏನು ಬರುತ್ತೆ?" ಅಂತ ಕೇಳಿ. ಬೆಳೆಯುವವರ ಬಾಯಲ್ಲಿ ತಕ್ಷಣ ಹೊಲ ಬರುತ್ತದೆ: ಬದನೆ ಹೂವಿಗೆ ಬಂದಿದೆ, ಇನ್ನೂ ಇಪ್ಪತ್ತು ದಿನ ಬೇಕು, ಬೀನ್ಸ್‌ಗೆ ಈ ಸಲ ನುಸಿ ಬಿದ್ದಿದೆ, ಹೋದ ವಾರದ ಮಳೆಗೆ ಮೂಲಂಗಿ ಒಡೆದಿದೆ. ತಂದು ಮಾರುವವರಿಗೆ ಈ ಮಾತು ಬರುವುದಿಲ್ಲ. ತಂದು ಮಾರುವುದೂ ಕಷ್ಟದ ದುಡಿಮೆಯೇ, ಅವರನ್ನು ಕಳ್ಳರಂತೆ ನೋಡಬೇಡಿ. "ನಾನು ಬೆಳೆಯಲ್ಲ, ಇಂಥವರ ಹತ್ತಿರ ತರ್ತೀನಿ" ಅಂತ ನೇರವಾಗಿ ಹೇಳುವವರು ಸಿಕ್ಕರೆ ಅವರನ್ನೂ ಬಿಡಬೇಡಿ.

ಔಷಧಿಯ ವಿಷಯ. ಹತ್ತಿರದಲ್ಲಿ ಬೆಳೆದದ್ದು ಅಂದ ಮಾತ್ರಕ್ಕೆ ಔಷಧಿ ಹಾಕದ್ದು ಅಂತ ಆಗುವುದಿಲ್ಲ. ಇವೆರಡನ್ನು ಒಂದು ಮಾಡಿಕೊಂಡು ಆಮೇಲೆ ಬೇಜಾರಾದವರ ಪತ್ರಗಳು ನನಗೆ ಬಹಳ ಬಂದಿವೆ. ಕೀಟನಾಶಕದ ಡಬ್ಬಿ ಜೊತೆ ಕೊಡುವ ಚೀಟಿಯಲ್ಲಿ, ಹೊಡೆದ ಮೇಲೆ ಕೊಯ್ಲಿಗೆ ಎಷ್ಟು ದಿನ ಬಿಡಬೇಕು ಅಂತ ಬರೆದಿರುತ್ತದೆ. "ಕೊನೇ ಸಲ ಯಾವಾಗ ಹೊಡೆದಿರಿ, ಎಷ್ಟು ದಿನ ಬಿಟ್ಟು ಕೊಯ್ದಿರಿ" ಅಂತ ಮೆಲ್ಲಗೆ ಕೇಳಿ. ಜೋರು ಮಾಡಿ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಪೂರ್ತಿ ಸಾವಯವವೇ ಬೇಕು ಅಂದರೆ ಸರ್ಟಿಫಿಕೇಟ್ ಕೇಳಬೇಕು. ಚಿಕ್ಕ ರೈತರಿಗೆ ದೊಡ್ಡ ಸಂಸ್ಥೆಯ ಸರ್ಟಿಫಿಕೇಟಿನ ಖರ್ಚು ಹೊರಲು ಆಗುವುದಿಲ್ಲ, ಅದಕ್ಕೆ ಭಾರತವೂ ಸೇರಿ ಹಲವು ದೇಶಗಳಲ್ಲಿ ಪಿಜಿಎಸ್ ಅನ್ನುವ ಪದ್ಧತಿ ಇದೆ. ಅದರಲ್ಲಿ ರೈತರ ಗುಂಪಿನವರೇ ಒಬ್ಬರ ಹೊಲವನ್ನು ಇನ್ನೊಬ್ಬರು ಪರೀಕ್ಷೆ ಮಾಡುತ್ತಾರೆ. ಪಕ್ಕದ ಹೊಲದವರ ಕಣ್ಣು ತಪ್ಪಿಸುವುದು ಕಷ್ಟ ಅಲ್ವಾ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ನಲವತ್ತು ಮನೆಯವರು ಸೇರಿ ಒಬ್ಬ ರೈತರಿಂದ ನೇರವಾಗಿ ತರಕಾರಿ ತರಿಸೋಣ ಅಂತ ಹೊರಟೆವು. ಮೊದಲ ವಾರ ಎಲ್ಲರೂ ತಗೊಂಡರು. ಮೂರನೇ ವಾರ ಹದಿನೈದು ಮನೆ. ಐದನೇ ವಾರ ಅವರು ತಂದ ಮಾಲಿನಲ್ಲಿ ಅರ್ಧ ವಾಪಸ್ಸು ಹೋಯಿತು. ಅವರ ಮುಖ ನೋಡಲು ಆಗಲಿಲ್ಲ. ಎಲ್ಲಿ ತಪ್ಪಿದೆವು?

ಉತ್ತರ: ಈ ಪತ್ರ ಓದಿ ನನಗೂ ಹೊಟ್ಟೆಯಲ್ಲಿ ಸಂಕಟ ಆಯಿತು. ನೀವು ಮನಸ್ಸು ಕೆಟ್ಟವರಲ್ಲ, ಆದರೆ ಲುಕ್ಸಾನು ಪೂರ್ತಿ ಅವರ ತಲೆ ಮೇಲೆಯೇ ಉಳಿಯಿತು. ಮಾರುಕಟ್ಟೆಗೆ ಹಾಕಿದ್ದರೆ ಎಷ್ಟೋ ಒಂದು ರೇಟಿಗೆ ಹೋಗುತ್ತಿತ್ತು, ನಿಮಗಾಗಿ ಕೊಯ್ದದ್ದು ಎಲ್ಲೂ ಹೋಗಲಿಲ್ಲ. ಸಂಜೆ ಹೊತ್ತಿಗೆ ಮೂಟೆ ಬಿಚ್ಚಿ ದನಕ್ಕೆ ಹಾಕುವಾಗ ಆ ಮನೆಯವರಿಗೆ ಏನು ಅನ್ನಿಸಿರಬಹುದು ಹೇಳಿ.

ಇದಕ್ಕೆ ಜಪಾನಿನ ಹೆಂಗಸರು ಐವತ್ತು ವರ್ಷದ ಹಿಂದೆಯೇ ಒಂದು ದಾರಿ ಕಂಡುಕೊಂಡರು. 1970ರ ದಶಕದ ಶುರುವಿನಲ್ಲಿ, ಆಹಾರದಲ್ಲಿ ಕೀಟನಾಶಕ ಜಾಸ್ತಿಯಾಗಿದೆ ಅಂತ ಹೆದರಿದ ತಾಯಂದಿರು ಗುಂಪು ಕಟ್ಟಿಕೊಂಡು ರೈತರ ಹತ್ತಿರ ಹೋದರು. ಅದಕ್ಕೆ 'ತೇಕೇ' ಅನ್ನುತ್ತಾರೆ, ಕೈಜೋಡಿಸುವುದು ಅಂತ ಅರ್ಥ. ಗುಂಪಿನವರು ಮತ್ತು ರೈತರು ಕೂತು ಮಾತಾಡಿ ಏನು ಬೆಳೆಯಬೇಕು, ಎಷ್ಟು ಬೆಳೆಯಬೇಕು ಅಂತ ಮೊದಲೇ ತೀರ್ಮಾನ ಮಾಡುತ್ತಾರೆ. ಬೆಳೆದದ್ದಷ್ಟನ್ನೂ ಗುಂಪು ತಗೊಳ್ಳುತ್ತದೆ. 1986ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳ ಎರಡು ತೋಟಗಳಲ್ಲಿ ಇಂಥದ್ದೇ ಇನ್ನೊಂದು ಪದ್ಧತಿ ಶುರುವಾಯಿತು, ಅದನ್ನು ಸಿಎಸ್‌ಎ ಅಂತ ಕರೆಯುತ್ತಾರೆ. ಅಲ್ಲಿ ಬಿತ್ತನೆಗೆ ಮುಂಚೆಯೇ ಜನ ಒಂದು ಪಾಲಿನ ದುಡ್ಡು ಕೊಟ್ಟಿರುತ್ತಾರೆ, ವಾರ ವಾರ ತಮ್ಮ ಪಾಲಿನ ಬುಟ್ಟಿ ಒಯ್ಯುತ್ತಾರೆ. ಬೆಳೆ ಜಾಸ್ತಿ ಬಂದರೆ ಬುಟ್ಟಿ ತುಂಬುತ್ತದೆ. ಆಲಿಕಲ್ಲು ಬಿದ್ದರೆ ಬುಟ್ಟಿ ಅರ್ಧವಾಗುತ್ತದೆ. ಎರಡನ್ನೂ ಎಲ್ಲರೂ ಹಂಚಿಕೊಳ್ಳುತ್ತಾರೆ. ಫ್ರಾನ್ಸಿನಲ್ಲಿ 2001ರಿಂದ ಇದೇ ಥರದ ಗುಂಪುಗಳಿವೆ, ಅಲ್ಲಿ ಅದಕ್ಕೆ ಅಮಾಪ್ ಅಂತ ಹೆಸರು.

ನೀವು ಒಂದೇ ಸಲಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ಆ ರೈತರ ಮನೆಗೆ ಇಬ್ಬರು ಮೂವರು ಹೋಗಿ ಮೊದಲು ಕ್ಷಮೆ ಕೇಳಿ, ವಾಪಸ್ಸು ಹೋದ ಮಾಲಿನ ದುಡ್ಡು ಕೊಟ್ಟು ಬನ್ನಿ. ಅದು ದೊಡ್ಡ ಮೊತ್ತ ಏನಲ್ಲ, ಹದಿನೈದು ಮನೆಗೆ ಹಂಚಿದರೆ ಇನ್ನೂ ಚಿಕ್ಕದು. ಆಮೇಲೆ ನಲವತ್ತು ಮನೆಯ ಆಸೆ ಬಿಡಿ. ಉಳಿದ ಹದಿನೈದು ಮನೆಯವರೇ ನಿಮ್ಮ ನಿಜವಾದ ಗಿರಾಕಿಗಳು. ಅವರಿಂದ ತಿಂಗಳ ದುಡ್ಡು ಮುಂಗಡ ತಗೊಳ್ಳಿ, ಊರಿಗೆ ಹೋದ ವಾರವೂ ಬುಟ್ಟಿ ತಮ್ಮದೇ, ಬೇಡವಾದರೆ ಪಕ್ಕದ ಮನೆಗೆ ಕೊಡುವುದು ತಮ್ಮ ಜವಾಬ್ದಾರಿ ಅಂತ ಮೊದಲೇ ಒಪ್ಪಿಸಿ. ಲೆಕ್ಕ ಕೊಯ್ಲಿನ ಹಿಂದಿನ ಸಂಜೆಯೊಳಗೆ ರೈತರ ಕೈಗೆ ಸಿಗಲಿ, ಬೆಳಗ್ಗೆ ಹೊಲಕ್ಕೆ ಇಳಿಯುವಾಗ ಎಷ್ಟು ಕೊಯ್ಯಬೇಕು ಅಂತ ಅವರಿಗೆ ಗೊತ್ತಿರಬೇಕು. ಹಣ ವಾರಕ್ಕೊಮ್ಮೆ ತಪ್ಪದೆ ಸೇರಲಿ, ತಿಂಗಳ ಕೊನೆಗೆ ಕೊಡುತ್ತೇವೆ ಅಂದರೆ ಕೂಲಿಯವರಿಗೆ ಅವರು ಎಲ್ಲಿಂದ ಕೊಡಬೇಕು?

ಇನ್ನೊಂದು ಕಾರಣಕ್ಕೂ ಜನ ಬಿಟ್ಟು ಹೋಗಿರುತ್ತಾರೆ, ನಿಮ್ಮ ಪತ್ರದಲ್ಲಿ ಅದು ಇಲ್ಲ. ಮೂರು ವಾರ ಒಂದೇ ಸಮನೆ ಬೂದುಗುಂಬಳ ಬಂದರೆ ಯಾರಿಗಾದರೂ ಸಾಕಾಗುತ್ತದೆ. ನಮ್ಮ ಗುಂಪಿನಲ್ಲಿ ಹಾಗೇ ಆಗಿತ್ತು. ಆಗ ಹಿರಿಯರೊಬ್ಬರು ಪ್ರತಿ ಬುಟ್ಟಿಯ ಜೊತೆ ಒಂದು ಚೀಟಿ ಇಡಲು ಶುರು ಮಾಡಿದರು: ಇವತ್ತಿನ ತರಕಾರಿಯಲ್ಲಿ ಮಾಡಬಹುದಾದ ಎರಡು ಅಡುಗೆ, ಕೈಬರಹದಲ್ಲಿ. ಆ ಚೀಟಿಗಾಗಿಯೇ ಬುಟ್ಟಿ ತಗೊಂಡವರಿದ್ದಾರೆ. ರೈತರಿಗೂ "ಮುಂದಿನ ಸಲ ಕುಂಬಳ ಕಮ್ಮಿ ಹಾಕಿ, ಬೀನ್ಸ್ ಎರಡು ಸಾಲು ಜಾಸ್ತಿ ಹಾಕಿ" ಅಂತ ಬಿತ್ತನೆಗೆ ಮೊದಲೇ ಹೇಳಿದೆವು. ಹೊಲದಲ್ಲಿ ಕಾಯಿ ಬಿಟ್ಟ ಮೇಲೆ ಹೇಳಿ ಏನು ಬಂತು.

ಪ್ರಶ್ನೆ: ನಾನು ರೈತ. ಒಂದೂವರೆ ಎಕರೆಯಲ್ಲಿ ತರಕಾರಿ ಬೆಳೆಯುತ್ತೇನೆ. ಪೇಟೆಯವರು ಹೊಲಕ್ಕೆ ಬರ್ತಾರೆ, ಫೋಟೋ ತಕ್ಕೊಳ್ತಾರೆ, "ಇನ್ಮೇಲೆ ನಿಮ್ಮ ಹತ್ರಾನೇ" ಅಂತಾರೆ. ಆಮೇಲೆ ಫೋನ್ ಇಲ್ಲ. ನೇರ ಮಾರಾಟ ನನ್ನಂಥವನಿಗೆ ಆಗೋ ಮಾತಾ?

ಉತ್ತರ: ಅಣ್ಣಾ, ನಿಮ್ಮ ಬೇಸರ ನ್ಯಾಯವಾದದ್ದೇ. ಓದುವ ನಾವೆಲ್ಲ ನಿಮ್ಮ ಈ ನಾಲ್ಕು ಸಾಲನ್ನು ಎರಡು ಸಲ ಓದಬೇಕು.

ಆಗುವ ಮಾತೇ, ಆದರೆ ಇಡೀ ಬೆಳೆಯನ್ನು ಅದಕ್ಕೆ ಒಡ್ಡಬೇಡಿ. ಮಾರುಕಟ್ಟೆಯ ದಾರಿ ಮುಚ್ಚಿಕೊಳ್ಳಬೇಡಿ, ಅಲ್ಲಿನ ರೇಟು ಎಷ್ಟೇ ಕೆಟ್ಟದಿದ್ದರೂ ಎಲ್ಲ ಮಾಲು ಒಂದೇ ದಿನ ಕೊಂಡುಕೊಳ್ಳುವವರು ಅಲ್ಲಿದ್ದಾರೆ. ನಾಲ್ಕರಲ್ಲಿ ಒಂದು ಪಾಲನ್ನು ನೇರ ಮಾರಾಟಕ್ಕೆ ಇಟ್ಟು ನೋಡಿ. ಒಂದೇ ತರಕಾರಿ ಒಂದೇ ದಿನ ಬಿತ್ತುವ ಬದಲು ಆ ಪಾಲನ್ನು ಹತ್ತು ಹದಿನೈದು ದಿನ ಬಿಟ್ಟು ಬಿಟ್ಟು ಬಿತ್ತಿ. ಮನೆಗಳಿಗೆ ವಾರ ವಾರ ಸ್ವಲ್ಪ ಸ್ವಲ್ಪ ಬೇಕು, ಒಂದೇ ವಾರ ಹತ್ತು ಕ್ವಿಂಟಲ್ ಬೇಡ. ಬಾಯಿ ಮಾತಿಗೆ ಕೊಯ್ಯಬೇಡಿ, ಮುಂಗಡ ಕೇಳಿ. ಸಂಕೋಚ ಬೇಡ. ಮುಂಗಡ ಕೊಡಲು ಹಿಂಜರಿಯುವವರು ಯಾರು ಅಂತ ಕೊಯ್ಯುವ ಮೊದಲೇ ಗೊತ್ತಾದರೆ ನಿಮಗೇ ಲಾಭ. ಒಂದು ಗಾಡಿ ಬಾಡಿಗೆ ಒಬ್ಬರಿಗೆ ಹೊರೆ, ಹಾಗಾಗಿ ಪಕ್ಕದ ಇಬ್ಬರು ಮೂವರು ರೈತರನ್ನು ಸೇರಿಸಿಕೊಳ್ಳಿ. ನಿಮ್ಮಲ್ಲಿ ಸೊಪ್ಪು, ಅವರಲ್ಲಿ ಬೀನ್ಸು, ಇನ್ನೊಬ್ಬರಲ್ಲಿ ನಿಂಬೆ ಅಂತಾದರೆ ಬುಟ್ಟಿಯೂ ತುಂಬುತ್ತದೆ, ಯಾರೂ ಬೂದುಗುಂಬಳ ಸಾಕು ಅನ್ನುವುದಿಲ್ಲ.

ನಿಮ್ಮ ಪತ್ರವೂ ಆ ಅಪಾರ್ಟ್‌ಮೆಂಟಿನವರ ಪತ್ರವೂ ಒಂದೇ ವಾರ ಬಂದವು. ಲಕೋಟೆ ಮೇಲಿನ ವಿಳಾಸ ನೋಡಿದೆ, ನಿಮ್ಮಿಬ್ಬರ ನಡುವೆ ಬಸ್ಸಿನಲ್ಲಿ ಒಂದು ಗಂಟೆ ದಾರಿ. ಅವರು ಮೊದಲಿನ ರೈತರ ಹತ್ತಿರ ಹೋಗಿ ಲೆಕ್ಕ ಸರಿ ಮಾಡಿಕೊಂಡು ಬಂದ ಮೇಲೆ, ಅಲ್ಲಿ ಸಿಗದ ತರಕಾರಿಗೆ ಇನ್ನೊಬ್ಬರು ಬೇಕು ಅಂದರೆ ನಿಮ್ಮ ಫೋನ್ ನಂಬರ್ ಕೊಡಲಾ? ಒಂದು ಕಾರ್ಡ್ ಬರೆದು ತಿಳಿಸಿ.